ಸ್ಟೋರ್‌ನವರ ಮಾರ್ಕರ್

ಲ್ಯಾಬಿನ ಬಾಗಿಲು ಸರಿಯಾಗಿ ಮುಚ್ಚಿದ್ದರೆ ಈ ರಾದ್ಧಾಂತವೇ ಆಗುತ್ತಿರಲಿಲ್ಲ. ಒಂದು ಬೆರಳಷ್ಟು ತೆರೆದಿತ್ತು. ಕೈಗವಸಿನ ಡಬ್ಬ ಕೊಡಲು ಬಂದ ಸ್ಟೋರ್‌ಕೀಪರ್ ಆ ಸಂದಿಗೆ ಕಿವಿಯಿಟ್ಟ. ಕಂಪನಿಯಲ್ಲಿ ಅವನಿಗೆ ಶಂಕೆರಾಯ ಎಂದು ಹೆಸರು ಬಿದ್ದದ್ದು ಸುಮ್ಮನೆ ಅಲ್ಲ. ಇಬ್ಬರು ಪಿಸುಗುಟ್ಟಿದರೆ ಅದು ತನ್ನ ವಿಷಯವೇ ಎನ್ನುವ ಆಸಾಮಿ.

ಹೃದಯ ಕೈಕೊಡುವ ಮೊದಲೇ ರಕ್ತದಲ್ಲಿ ಮೂಡುವ ಗುರುತನ್ನು ಹಿಡಿಯುವ ಪರೀಕ್ಷೆಯನ್ನು ಆ ಕಂಪನಿ ತಯಾರಿಸುತ್ತಿತ್ತು. ಆ ಗುರುತಿಗೆ ಅಲ್ಲಿ ಎಲ್ಲರೂ ಮಾರ್ಕರ್ ಎನ್ನುತ್ತಿದ್ದರು. ಪ್ರಯೋಗಕ್ಕೆಂದು ಹೋದ ತಿಂಗಳು ನಲವತ್ತು ನೌಕರರೂ ರಕ್ತ ಕೊಟ್ಟಿದ್ದರು.

ಒಳಗಿನಿಂದ ಲ್ಯಾಬಿನ ಮೇಡಂ ದನಿ ಕೇಳಿಸಿತು. "ಸ್ಟೋರ್‌ನವರ ಮಾರ್ಕರ್ ನಂಬೋ ಹಾಗಿಲ್ಲ. ನೋಡೋಕೇನೋ ಗಟ್ಟಿಯಾಗಿದೆ, ಒಳಗೊಳಗೇ ಒಣಗಿಹೋಗಿದೆ. ಇನ್ನೆರಡು ದಿನ ಬಂದ್ರೆ ಹೆಚ್ಚು."

"ಅವರಿಗೆ ಹೇಳೋಣ್ವಾ ಮೇಡಂ?" ಇದು ಸಹಾಯಕಿ.

"ಈಗ್ಲೇ ಬೇಡ, ಪಾಪ. ಫ್ರೀಜರಿಗೆ ಹಾಕಿದ್ಮೇಲಂತೂ ಹೆಸರೂ ಉಳಿಯಲ್ಲ!"

ಶಂಕೆರಾಯನ ಜೀವ ಬಾಯಿಗೆ ಬಂತು. ಎರಡೇ ದಿನ! ಆಮೇಲೆ ಫ್ರೀಜರ್! ಡಬ್ಬವನ್ನು ಅಲ್ಲೇ ಇಟ್ಟು, ಗೋಡೆ ಹಿಡಿದುಕೊಂಡು ಅಕೌಂಟೆಂಟನ ಮೇಜಿನ ಹತ್ತಿರ ಬಂದ.

"ಯಾರಿಗೂ ಹೇಳ್ಬೇಡಿ," ಎಂದು ಎಲ್ಲವನ್ನೂ ಹೇಳಿದ.

"ಛೆ ಛೆ, ನಾನ್ಯಾಕೆ ಹೇಳ್ಲಿ?" ಎಂದ ಅಕೌಂಟೆಂಟ್. ಹತ್ತೇ ನಿಮಿಷದಲ್ಲಿ ಕಟ್ಟಡದ ಮೂರು ಮಹಡಿಗೂ ಸುದ್ದಿ ಮುಟ್ಟಿತು. ಅವನ ಹೊಟ್ಟೆಯಲ್ಲಿ ಮಾತು ನಿಲ್ಲುವುದೆಂದರೆ ಜರಡಿಯಲ್ಲಿ ನೀರು ನಿಂತ ಹಾಗೆ.

ಬಂದವರೆಲ್ಲ ಸಮಾಧಾನ ಹೇಳುವವರೇ. ರಿಸೆಪ್ಷನ್ನಿನ ಹುಡುಗಿ ಶಂಕೆರಾಯನ ಕೈಯಿಂದ ಪೆನ್ನು ಕಿತ್ತುಕೊಂಡು, "ಬರೀಬೇಡಿ ಸರ್, ಆಯಾಸ ಆಗುತ್ತೆ," ಎಂದಳು. ಡ್ರೈವರ್ ಬಂದು ಕುರ್ಚಿಯನ್ನೇ ನೋಡುತ್ತಾ ನಿಂತ. "ಏನಿಲ್ಲ, ಕಿಟಕಿ ಪಕ್ಕದ ಜಾಗ ಚೆನ್ನಾಗಿದೆ ಅಂತ," ಎಂದ. ಅಯ್ಯೋ ಪಾಪಿ, ಇನ್ನೂ ಉಸಿರಾಡ್ತಿದೀನಲ್ಲೋ ಎಂದು ಶಂಕೆರಾಯನ ಹೊಟ್ಟೆ ಉರಿಯಿತು.

ಅದೇ ಕಂಪನಿಯಲ್ಲಿದ್ದ ಭಾವಮೈದುನ ಅಕ್ಕನಿಗೆ ಫೋನ್ ಮಾಡದೆ ಬಿಡುತ್ತಾನೆಯೇ? ಮಧ್ಯಾಹ್ನ ಹೆಂಡತಿಯ ಕರೆ ಬಂತು.

"ರೀ, ಎದೆನೋವು ಇದೆಯಾ?"

"ಇಲ್ವೇ."

"ದೇವರು ದೊಡ್ಡವನು. ಅಂದ ಹಾಗೆ, ಬೀರು ಕೀ ಎಲ್ಲಿಟ್ಟಿದೀರಿ?"

ಇಷ್ಟು ಹೊತ್ತು ಇಲ್ಲದ ಎದೆನೋವು ಆಗ ಶುರುವಾಯಿತು. ಇನ್ನು ತಡೆಯಲಾರದೆ ಅವನು ನೇರವಾಗಿ ಲ್ಯಾಬಿಗೆ ನುಗ್ಗಿದ. ಉಳಿದವರೆಲ್ಲ ಹಿಂದೆಯೇ ಬಂದು ಬಾಗಿಲಾಚೆ ಗುಂಪುಗೂಡಿದರು.

"ಮೇಡಂ, ಮುಚ್ಚುಮರೆ ಬೇಡ! ನನ್ನ ಮಾರ್ಕರ್ ವಿಷಯ ಗೊತ್ತಾಗಿದೆ. ನನಗೆ ಸಣ್ಣ ಸಣ್ಣ ಮಕ್ಕಳಿದ್ದಾರೆ!"

ಮೇಡಂ ತಬ್ಬಿಬ್ಬಾದರು. ಆಮೇಲೆ ಹಣೆ ಚಚ್ಚಿಕೊಂಡರು. "ಅಯ್ಯೋ ನಿಮ್ಮ! ನಾನು ಹೇಳಿದ್ದು ನೀವು ತರಿಸಿಕೊಟ್ಟ ಮಾರ್ಕರ್ ಪೆನ್ನಿನ ವಿಷಯ ಕಣ್ರೀ! ರಕ್ತದ ಟ್ಯೂಬ್ ಮೇಲೆ ಹೆಸರು ಬರಿಯೋದು!"

ಶಂಕೆರಾಯನಿಗೆ ಹೋದ ಜೀವ ಬಂದ ಹಾಗಾಯಿತು. ನಕ್ಕ, ಅತ್ತ, ಸಹಾಯಕಿಗೆ ಎರಡು ಸಲ ಕೈಮುಗಿದ. "ಹಾಗಾದ್ರೆ ನನ್ನ ರಕ್ತ ಚೆನ್ನಾಗಿದೆ ಅನ್ನಿ!"

"ಮೂವತ್ತೊಂಬತ್ತು ಟ್ಯೂಬ್ ಅಪ್ಪಟ ಚಿನ್ನ. ಒಂದರಲ್ಲಿ ಮಾತ್ರ ಗುರುತು ಜೋರಾಗೇ ಇದೆ. ಆ ಮನುಷ್ಯನಿಗೆ ತಕ್ಷಣ ಚಿಕಿತ್ಸೆ ಆಗ್ಬೇಕು."

"ಅಯ್ಯೋ ಪಾಪ! ಯಾರದು ಮೇಡಂ?"

"ಅದನ್ನ ನಿಮ್ಮ ಪೆನ್ನನ್ನೇ ಕೇಳಿ. ಫ್ರೀಜರಲ್ಲಿ ನಲವತ್ತು ಹೆಸರೂ ಅಳಿಸಿಹೋಗಿವೆ. ಎಲ್ಲರ ರಕ್ತಾನೂ ಮತ್ತೆ ತೆಗೀಬೇಕು. ಫಲಿತಾಂಶಕ್ಕೆ ಇನ್ನೊಂದು ತಿಂಗಳು. ಹೋಗಿ, ಹೊರಗಿರೋರಿಗೆ ನೀವೇ ಹೇಳಿ."

ಶಂಕೆರಾಯ ಕಾಲೆಳೆದುಕೊಂಡು ಹೊರಬಂದ. ಅಕೌಂಟೆಂಟ್ ಕರುಣೆಯಿಂದ ಅವನ ಹೆಗಲ ಮೇಲೆ ಕೈಯಿಟ್ಟ.

"ಧೈರ್ಯವಾಗಿ ಹೇಳಿ. ಎಷ್ಟು ದಿನ ಅಂದ್ರು?"

"ಒಂದು ತಿಂಗಳು," ಎಂದ ಶಂಕೆರಾಯ, ಎಲ್ಲರಿಂದ ಒಂದು ಹೆಜ್ಜೆ ಹಿಂದೆ ಸರಿಯುತ್ತ. "ನನಗೊಬ್ಬನಿಗೇ ಅಲ್ಲ, ನಮಗೆಲ್ಲರಿಗೂ."