ಕುರಿಮರಿಗೆ ಗಂಧದ ಸೋಪು

ನಮ್ಮ ಮನೆಯಲ್ಲಿ ಕುರಿಗಳು ಮರಿ ಹಾಕುವ ಕಾಲ ಬಂತೆಂದರೆ ಕುರಿಗಳೆಲ್ಲ ಸರಿಯಾಗಿಯೇ ಇರುತ್ತವೆ, ತಲೆ ಕೆಡುವುದು ಮನುಷ್ಯರಿಗೆ. ಅವರೆಕಾಯಿಗೆ ಸೊಗಡು ಏರಿ ಚಳಿ ಕಚ್ಚತೊಡಗಿತೆಂದರೆ ಪ್ರತಿ ವರ್ಷ ಏನಾದರೊಂದು ಆಗಿಯೇ ಆಗುತ್ತದೆ. ಅದರಲ್ಲೂ ನಾನು ಮದುವೆಯಾಗಿ ಬಂದ ಮೊದಲ ಚಳಿಗಾಲದಲ್ಲಿ ಆದದ್ದನ್ನು ಇವತ್ತಿಗೂ ಊರಲ್ಲಿ ಹೇಳಿಕೊಂಡು ನಗುತ್ತಾರೆ. ನಗಲಿ, ನಾನೂ ನಗುತ್ತೇನೆ.

೧. ಕೆಚ್ಚಲು ಪರೀಕ್ಷೆ

ನಾನು ಚನ್ನಪಟ್ಟಣದ ಪೇಟೆ ಬೀದಿಯಲ್ಲಿ ಬೆಳೆದವಳು. ಕುರಿಗಳನ್ನು ರಸ್ತೆ ದಾಟುವಾಗ ಮಾತ್ರ ಕಂಡಿದ್ದೆ. ಅಕ್ಕೂರು ಕಡೆಯ ಹಳ್ಳಿಗೆ ಸೊಸೆಯಾಗಿ ಬಂದಾಗ ಮನೆಯಲ್ಲಿ ಹನ್ನೆರಡು ಕುರಿ, ರೇಷ್ಮೆ ಸಾಕುವ ಒಂದು ಹುಳುಮನೆ, ಎರಡೆಕರೆ ಹಿಪ್ಪುನೇರಳೆ ಇದ್ದವು. ನನಗೆ ಚಿಕ್ಕಂದಿನಿಂದ ಕೇಳುವ ಚಾಳಿ. ಕುರಿ ನಿಂತೇ ನಿದ್ದೆ ಮಾಡುತ್ತದಾ, ಮೆಲುಕು ಹಾಕುವಾಗ ಏನು ಯೋಚಿಸುತ್ತದೆ, ಇಷ್ಟೊಂದು ಬಿಳಿ ಮರಿಗಳಲ್ಲಿ ತನ್ನದು ಯಾವುದೆಂದು ತಾಯಿಗೆ ಹೇಗೆ ಗೊತ್ತಾಗುತ್ತದೆ. ಮಾವನವರು ಒಂದು ವಾರ ಉತ್ತರ ಹೇಳಿದರು. ಆಮೇಲೆ ಗಬ್ಬದ ಕುರಿಯೊಂದನ್ನು ಹಿಡಿದು ತಂದು, ಹಗ್ಗವನ್ನು ನನ್ನ ಕೈಗೆ ಕೊಟ್ಟು, “ಇನ್ಮೇಲೆ ಇದು ನಿಂದು ಕಣವ್ವ. ಏನ್ ಕೇಳ್ಬೇಕೋ ಇದನ್ನೇ ಕೇಳು” ಅಂದರು.

ಅತ್ತೆಗೆ ಇದು ಸರಿಬೀಳಲಿಲ್ಲ. “ಪ್ಯಾಟೆ ಹುಡ್ಗಿ ಮರಿ ಉಳಿಸ್ಕಂಡಾಳಾ? ಸಂಕ್ರಾಂತಿ ದಿನ ಈ ಕುರಿ ಹಿಂದೆ ಎಷ್ಟು ನಡ್ಕಂಡು ಕೆರೆಗಂಟ ಓಯ್ತವೋ ಅಷ್ಟೂ ಅವ್ಳದೇ. ಒಂದೂ ಓಗ್ನಿಲ್ಲ ಅಂದ್ರೆ ಕುರಿ ವಾಪಸ್ ಮಂದೆಗೆ” ಅಂದುಬಿಟ್ಟರು.

ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಒಂದು ಟ್ರಂಕು ಮಾತ್ರ. ಉಸಿರಾಡುವಂಥದ್ದೊಂದು ನನ್ನದಾಗಲಿ ಅಂತ ನನಗೆ ತುಂಬಾ ಆಸೆಯಾಯಿತು.

“ಯಾವಾಗ ಮರಿ ಹಾಕುತ್ತೆ ಅಂತ ಹೇಗೆ ಗೊತ್ತಾಗುತ್ತೆ ಮಾವ?” ಅಂತ ಕೇಳಿದೆ.

“ಕೆಚ್ಚಲು ಮುಟ್ಟಿ ನೋಡು. ಬಿಗಿಯಾದ್ರೆ ಹತ್ರ ಬಂತು ಅಂತ.”

ಅವತ್ತಿನಿಂದ ದಿನಕ್ಕೆ ಹತ್ತು ಸಲ ಮುಟ್ಟಿ ನೋಡಿದೆ. ನಾಲ್ಕನೇ ದಿನಕ್ಕೆ ಕುರಿ ನನ್ನ ಬಳೆ ಸದ್ದು ಕೇಳಿದರೆ ಸಾಕು, ಹಿಂಭಾಗವನ್ನು ಗೋಡೆಗೆ ಒತ್ತಿಕೊಂಡು ಕೂತುಬಿಡತೊಡಗಿತು.

೨. ಮೂರು ಶಿಫ್ಟು

ನಮ್ಮೆಜಮಾನರಿಗೆ ಆಗಷ್ಟೇ ಬಿಡದಿ ಕಡೆ ಹೊಸದಾಗಿ ಎದ್ದ ಫ್ಯಾಕ್ಟರಿಯೊಂದರಲ್ಲಿ ಕೆಲಸ ಸಿಕ್ಕಿತ್ತು. ಕಂಪನಿ ಬಸ್ಸು, ನೀಲಿ ಯೂನಿಫಾರ್ಮು, ಕೊರಳಲ್ಲಿ ಕಾರ್ಡು. ಅಲ್ಲಿ ಕಲಿತದ್ದನ್ನೆಲ್ಲ ಅವರು ಕೊಟ್ಟಿಗೆಗೂ ತಂದರು. ಕೆಚ್ಚಲು ಬಿಗಿಯಾದ ದಿನವೇ ಗೋಡೆಗೆ ಒಂದು ಚಾರ್ಟು ಅಂಟಿಸಿದರು. ಎ ಶಿಫ್ಟ್ ಅವ್ವ, ಬಿ ಶಿಫ್ಟ್ ಹೆಂಡತಿ, ಸಿ ಶಿಫ್ಟ್ ಅಪ್ಪ. ಒಬ್ಬರು ಎದ್ದು ಹೋಗುವ ಮುಂಚೆ ಮುಂದಿನವರಿಗೆ ಚಾರ್ಜ್ ಒಪ್ಪಿಸಿ ಸಹಿ ಹಾಕಬೇಕು.

“ಕುರಿ ಕಾಯಾಕೂ ಸೈನಾ?” ಅಂದರು ಮಾವ.

“ಇಲ್ದಿದ್ರೆ ಜವಾಬ್ದಾರಿ ಯಾರ್ದಪ್ಪ?” ಅಂದರು ಇವರು.

ಎರಡು ದಿನ ಕಣ್ಣಲ್ಲಿ ಕಣ್ಣಿಟ್ಟು ಕಾದೆವು. ಕುರಿ ಮೆಲುಕು ಹಾಕಿಕೊಂಡು ನಮ್ಮನ್ನೇ ನೋಡುತ್ತಿತ್ತು. ಮೂರನೇ ದಿನ ಬೆಳಗ್ಗೆ ಮಾವ ಅತ್ತೆಗೆ ಚಾರ್ಜ್ ಒಪ್ಪಿಸಲು ಹೋದರೆ ಪೆನ್ನು ಬರೆಯಲಿಲ್ಲ. ಇನ್ನೊಂದು ಪೆನ್ನು ಹುಡುಕಲು ನಾವೆಲ್ಲ ಒಳಗೆ ಹೋಗಿ ಬರುವಷ್ಟರಲ್ಲಿ ಮರಿ ಹುಲ್ಲಿನ ಮೇಲೆ ಕಿವಿ ಒದರುತ್ತಿತ್ತು.

ಮಾವ ಚಾರ್ಟನ್ನು ಕಿತ್ತು, ಮಡಿಚಿ ಮಗನ ಕೈಗಿತ್ತರು. “ಲೇ, ಅದಕ್ಕೂ ಯೂನಿಯನ್ ಐತೆ ಕಣ್ಲಾ. ಸೂಪರ್‌ವೈಸರ್ ನಿಂತಿದ್ರೆ ಕೆಲ್ಸ ಮಾಡಕಿಲ್ಲ.”

೩. ಬಾಣಂತನ

ಮರಿಯ ಮೈಯೆಲ್ಲ ಲೋಳೆ, ಹೊರಗೆ ಮಂಜು. ತಾಯಿ ನೆಕ್ಕುತ್ತಿತ್ತು. ಈ ಚಳಿಯಲ್ಲಿ ಪಾಪ, ನಾಲಿಗೆಯಿಂದ ಎಷ್ಟೆಂದು ಒರೆಸೀತು ಅನಿಸಿತು. ನಮ್ಮಕ್ಕನ ಬಾಣಂತನ ನೋಡಿದವಳಲ್ಲವೇ ನಾನು. ಅತ್ತೆ ಮಾವ ಸೊಪ್ಪು ಕೊಯ್ಯಲು ತೋಟಕ್ಕೆ ಹೋದ ಹೊತ್ತಿನಲ್ಲಿ ಮರಿಯನ್ನು ಬಚ್ಚಲಿಗೆ ಎತ್ತಿಕೊಂಡು ಹೋದೆ. ಹಂಡೆಯ ಬಿಸಿನೀರು, ತವರಿನಿಂದ ತಂದಿದ್ದ ಗಂಧದ ಸೋಪು, ಮೈ ಒರೆಸಿದ ಮೇಲೆ ಪೌಡರು, ಸಾಂಬ್ರಾಣಿ ಹೊಗೆ, ಕೆನ್ನೆಗೊಂದು ದೃಷ್ಟಿಬೊಟ್ಟು. ಟವೆಲಿನಲ್ಲಿ ಸುತ್ತಿ ತಾಯಿಯ ಮುಂದೆ ಇಟ್ಟಾಗ ನನಗೆ ಎಲ್ಲಿಲ್ಲದ ಹೆಮ್ಮೆ.

ತಾಯಿ ಮೂಸಿತು. ಒಮ್ಮೆ ಸೀನಿತು. ಆಮೇಲೆ ತಲೆಯಿಂದ ಗುದ್ದಿ ಮರಿಯನ್ನು ಅತ್ತ ಕೆಡವಿತು. ಮತ್ತೆ ಹತ್ತಿರ ಬಿಟ್ಟರೆ ಮತ್ತೆ ಗುದ್ದಿತು. ಹಾಲು ಸಿಗದಿದ್ದರೆ ಮರಿ ಸಂಜೆಯವರೆಗೂ ಉಳಿಯುವುದಿಲ್ಲ ಎಂಬುದು ಪೇಟೆಯವಳಿಗೂ ಗೊತ್ತಾಗುವ ವಿಷಯ.

ನನ್ನ ಕೂಗಿಗೆ ಮಾವ ಓಡಿ ಬಂದು, ತಾಯಿಯನ್ನು ಅದುಮಿ ಹಿಡಿದು ಮರಿಗೆ ಗಿಣ್ಣು ಹಾಲು ಕುಡಿಸಿದರು. ಆಮೇಲೆ ಬೆವರು ಒರೆಸಿಕೊಂಡು ಜಗಲಿಯ ಮೇಲೆ ಕೂತರು.

“ತನ್ನ ಮರಿ ಅಂತ ತಾಯ್ಗೆ ಎಂಗೆ ಗೊತ್ತಾಯ್ತದೆ ಅಂತ ಕೇಳ್ತಿದ್ದೆ ಅಲ್ವಾ? ವಾಸ್ನೆ ಕಣವ್ವ. ನೀನು ಅದ್ರ ಗುರ್ತಿನ ಚೀಟೀನೇ ಸೋಪಾಕಿ ತೊಳ್ದ್ಬುಟ್ಟೆ.”

೪. ಸವೆದ ಸೋಪು

ಅಂದಿನಿಂದ ದಿನಕ್ಕೆ ನಾಲ್ಕು ಸಲ ತಾಯಿಯನ್ನು ಹಿಡಿದುಕೊಂಡೇ ಹಾಲು ಕುಡಿಸಬೇಕಾಯಿತು. ಅತ್ತೆ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೇ ದಿನ, “ನಂಗೆ ಸೊಂಟ ನೋವು. ಹುಳುಮನೆಗೆ ಇನ್ಮೇಲೆ ನೀನೇ ಸೊಪ್ಪಾಕಮ್ಮಿ, ಕೊಟ್ಟಿಗೆ ನಾನು ನೋಡ್ಕತೀನಿ. ಸೋಪು ಪೌಡ್ರು ಮುಟ್ಬೇಡ, ಆ ವಾಸ್ನೆ ಹುಳಕ್ಕಾಗಕಿಲ್ಲ” ಅಂದರು. ನನಗೆ ಆಶ್ಚರ್ಯ. ಅದುವರೆಗೆ ಹುಳುಮನೆಯ ಹೊಸ್ತಿಲು ದಾಟಲೂ ನನ್ನನ್ನು ಬಿಟ್ಟವರಲ್ಲ.

ಅವತ್ತಿನಿಂದ ನನ್ನ ಸ್ನಾನ ಕಡಲೆಹಿಟ್ಟಿನಲ್ಲಿ. ಆದರೂ ಬಚ್ಚಲ ಗೂಡಿನಲ್ಲಿದ್ದ ನನ್ನ ಗಂಧದ ಸೋಪು ದಿನದಿನಕ್ಕೆ ಸವೆಯುತ್ತಿತ್ತು, ಪೌಡರ್ ಡಬ್ಬಿ ಹಗುರವಾಗುತ್ತಿತ್ತು. ಯಜಮಾನರನ್ನು ಕೇಳಿದೆ. ಕಂಪನಿಯಲ್ಲೇ ಲಿಕ್ವಿಡ್ ಸೋಪು ಕೊಡುತ್ತಾರೆಂದು ಅಂಗೈ ಮೂಸಿಸಿದರು. ಮಾವ ವಾರಕ್ಕೊಮ್ಮೆ ಮೀಯುವವರು, ಅದೂ ಬರೀ ನೀರಲ್ಲಿ. ಅತ್ತೆಯಂತೂ ಸೋಪಿನ ವಾಸನೆಗೇ ಮೂಗು ಮುಚ್ಚುವವರು, ಅವರನ್ನು ಕೇಳುವ ಮಾತೇ ಇಲ್ಲ.

ಇದರ ನಡುವೆ ಎರಡು ವಾರಕ್ಕೆ ನನ್ನ ಕುರಿ ಗುದ್ದುವುದನ್ನು ಬಿಟ್ಟು, ಯಾರೂ ಹಿಡಿಯದೆಯೇ ಮರಿಗೆ ಹಾಲು ಕೊಡತೊಡಗಿತು. ನನಗೆ ಕುಣಿಯುವಷ್ಟು ಸಂತೋಷ. ಹೇಗಾಯಿತೆಂದು ಕೇಳಿದರೆ ಅತ್ತೆ, “ಅದ್ರ ಮನ್ಸು, ಬದ್ಲಾಗಿರ್ಬೇಕು” ಅಂತ ಅತ್ತ ತಿರುಗಿದರು.

ಸೋಪಿನ ಕಳ್ಳರನ್ನು ಹಿಡಿಯಲು ಯಜಮಾನರು ಬಚ್ಚಲ ಬಾಗಿಲಿಗೆ ದಾರ ಕಟ್ಟಿ ರಿಜಿಸ್ಟರ್ ನೇತುಹಾಕಿದರು. ಹೆಸರು, ಬಂದ ಹೊತ್ತು, ಸೋಪು ಬಳಸಿದಿರಾ ಹೇಗೆ. ಸಂಜೆ ನೋಡಿದರೆ ದಾರ ಇತ್ತು, ರಟ್ಟು ಇತ್ತು. ಹಾಳೆಗಳನ್ನೆಲ್ಲ ನನ್ನ ಕುರಿ ಅಲ್ಲೇ ನಿಂತು ಮೆಲ್ಲುತ್ತಿತ್ತು.

೫. ಸಂಕ್ರಾಂತಿಯ ಎಣಿಕೆ

ಸಂಕ್ರಾಂತಿ ಬೆಳಗ್ಗೆ ಎಳ್ಳುಬೆಲ್ಲ ತಿಂದು ಎಲ್ಲರೂ ಕೊಟ್ಟಿಗೆ ಮುಂದೆ ನಿಂತೆವು. ಮಾವ ಬಾಗಿಲು ತೆಗೆದರು. ಉಳಿದ ಹನ್ನೊಂದು ಕುರಿ ಕೆರೆ ದಾರಿ ಹಿಡಿದವು. ನನ್ನ ಕುರಿ ಹೊರಗೆ ಬಂತು, ಹಿಂದೆಯೇ ಮರಿ. ಗೆದ್ದೆ ಅಂದುಕೊಂಡೆ.

ಹತ್ತು ಹೆಜ್ಜೆ ನಡೆದು ಕುರಿ ನಿಂತಿತು. ಮರಿ ಪಕ್ಕದಲ್ಲೇ ಇದ್ದರೂ, ಮರಿ ಕಳೆದುಹೋದ ಹಾಗೆ ಮೆಲ್ಲನೆ ಕರೆಯತೊಡಗಿತು. ಆಮೇಲೆ ತಿರುಗಿ ಬಂದು, ನನ್ನನ್ನು ದಾಟಿ ಹೋಗಿ, ಅತ್ತೆಯ ಸೆರಗು ಮೂಸಿ ಅವರ ಕೈ ನೆಕ್ಕಿತು.

“ಓಗತ್ಲಾಗೆ” ಅಂದರು ಅತ್ತೆ. ಅದು ಹೋಗಲಿಲ್ಲ. ನಾನು ಹತ್ತಿರ ಹೋದೆ. ಅತ್ತೆಯ ಮೈಯಿಂದ ಗಂಧದ ಸೋಪು, ಪೌಡರು, ಜೊತೆಗೆ ಸ್ವಲ್ಪ ಸಾಂಬ್ರಾಣಿಯ ವಾಸನೆ.

“ಅತ್ತೆ, ಸೊಂಟ ನೋವು ಅಂದ್ರಲ್ಲ?”

“ಇನ್ನೇನ್ ಮಾಡಾದಮ್ಮಿ” ಅಂದರು ಅತ್ತೆ ನೆಲ ನೋಡುತ್ತ. “ತೊಳ್ದ ವಾಸ್ನೆ ವಾಪಸ್ ಬತ್ತದಾ? ಹುಳುಮನೆ ನಿಂಗೆ ಬುಟ್ಟು, ನಾನೇ ನಿನ್ ಸೋಪಾಕ್ಕಂಡು ದಿನಾ ಅದ್ರ ಪಕ್ಕ ಕೂತು ಅವರೆಸಿಪ್ಪೆ ತಿನ್ನಿಸ್ದೆ. ಈ ವಾಸ್ನೇನೂ ನಮ್ಮೋರ್ದೇ ಅಂತ ಅದು ಒಪ್ಕತು. ಮರಿ ಸತ್ತೋಗಿದ್ರೆ ನಿನ್ ಮೊಕ ನೋಡಕಾಯ್ತಿತ್ತಾ?”

ಕೇಳಲು ಒಂದು ಪ್ರಶ್ನೆಯೂ ಬಾಯಿಗೆ ಬರಲಿಲ್ಲ. ಆ ಮನೆಗೆ ಬಂದ ಮೇಲೆ ಅದೇ ಮೊದಲು.

ಆದರೆ ಕುರಿ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಎಳೆದರೂ ತಳ್ಳಿದರೂ, ಅತ್ತೆ ಬಾರದೆ ಕೆರೆಗೆ ಹೋಗುವುದಿಲ್ಲವೆಂದು ಕಾಲೂರಿ ನಿಂತಿತು. ಕೊನೆಗೆ ಅತ್ತೆ ಹಬ್ಬದ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಹೊರಟರು. ಮುಂದೆ ಕುರಿ, ಅದರ ಹಿಂದೆ ಮರಿ, ಮರಿಯ ಹಿಂದೆ ಅತ್ತೆ. ನಾಲ್ಕು ಹೆಜ್ಜೆಗೊಮ್ಮೆ ಕುರಿ ತಿರುಗಿ, ಇಬ್ಬರೂ ಬರುತ್ತಿದ್ದಾರಾ ಅಂತ ನೋಡಿಕೊಳ್ಳುತ್ತಿತ್ತು.

ಮಾವ ಕೆರೆ ಏರಿಯ ಮೇಲೆ ನಿಂತು ಬೆರಳು ಮಡಿಚಿ ಎಣಿಸಿದರು.

“ಕುರಿ ಹಿಂದೆ ಬಂದವೆಲ್ಲ ಸೊಸೇದೇ ಅಂತ ಮಾತಾಗಿತ್ತಲ್ವಾ” ಅಂದರು. “ಎರಡವೆ ಕಣವ್ವ. ಎರಡೂ ನಿಂದೇ, ಕರ್ಕಂಡೋಗು.”