ನನ್ನ ಬಣ್ಣದ ಪೌಡರ್

ಪೌಡರ್ ಹಚ್ಚಿಕೊಳ್ಳುವುದರಲ್ಲಿ ಸಿಟ್ಟಿಗೇಳುವಂಥದ್ದು ಏನಿದೆ ಎಂದು ನೀವು ಕೇಳಬಹುದು. ನನ್ನಷ್ಟು ಕಪ್ಪಗೆ ಹುಟ್ಟಿ, ಕಲಬುರಗಿಯಲ್ಲಿ ಮನೆ ಮಾಡಿ, ದಿನಾ ಬಸ್ಸಿನಲ್ಲಿ ಕಮಲಾಪುರಕ್ಕೆ ಹೋಗಿ ಗಣಿತ ಕಲಿಸಿ ಬನ್ನಿ, ತಿಳಿಯುತ್ತದೆ. ವಾರಕ್ಕೊಬ್ಬರಾದರೂ ಸಿಗುತ್ತಾರೆ, ನನ್ನ ಮುಖದ ಚಿಂತೆಯನ್ನು ತಮ್ಮ ತಲೆಯ ಮೇಲೆ ಹೊತ್ತುಕೊಂಡು ತಿರುಗುವವರು.

ಅಂಗಡಿಯವನ ಲೆಕ್ಕ

ಅಂಗಡಿಯ ಪೌಡರ್ ಹಚ್ಚಿದರೆ ನನಗೆ ಕೆನ್ನೆಯೆಲ್ಲ ತುರಿಕೆ. ಅದನ್ನು ತಡೆದುಕೊಂಡರೂ ನೋಡುವವರ ಕಾಟ ತಡೆಯುವಂತಿಲ್ಲ. ಕಪ್ಪು ಮುಖದ ಮೇಲೆ ಬಿಳಿ ಪೌಡರ್ ಕೂತರೆ ಸುಟ್ಟ ಬದನೆಕಾಯಿಗೆ ಬೂದಿ ಮೆತ್ತಿದ ಹಾಗೆ. ಒಂದು ದಿನ ನಮ್ಮೂರಿನ ಸೂಪರ್ ಮಾರ್ಕೆಟ್ ಎಂಬ ಪೇಟೆಯಲ್ಲಿ ದೊಡ್ಡದೊಂದು ಅಂಗಡಿಗೆ ಹೋಗಿ, "ನನ್ನ ಬಣ್ಣಕ್ಕ ಹೊಂದೋ ಪೌಡರ್ ಕೊಡ್ರಿ" ಎಂದೆ.

ಅಂಗಡಿಯವನು ಒಂದರ ಮೇಲೊಂದು ಡಬ್ಬಿ ಇಟ್ಟ. ಒಂದು ಹಾಲಿನಂತೆ, ಇನ್ನೊಂದು ಗುಲಾಬಿ, ಮತ್ತೊಂದು ಹಾಲಿಗೆ ಗುಲಾಬಿ ಬೆರೆಸಿದಂತೆ.

"ಇವು ಯಾವೂ ನನ್ನ ಬಣ್ಣ ಅಲ್ರೀ. ನನ್ನ ಮುಖ ನೋಡ್ರಿ, ಇಂಥಾದ್ದು ಬೇಕು."

ಅವನು ನಿಜವಾಗಿಯೂ ನನ್ನ ಮುಖವನ್ನು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಕರುಣೆಯಿಂದ ಹೇಳಿದ: "ಅಕ್ಕಾರ, ಈ ಬಣ್ಣ ನಿಮ್ಮ ಹತ್ರ ಮೊದಲೇ ಅದ ಅಲ್ರೀ! ಮತ್ತ ರೊಕ್ಕಾ ಕೊಟ್ಟು ಯಾಕ ತಗೋತೀರಿ?"

ಡಬ್ಬಿಗಳನ್ನೆಲ್ಲ ಅವನ ಕಡೆಗೇ ತಳ್ಳಿ ಬಂದೆ. ಇನ್ನು ನನ್ನ ಪೌಡರ್ ನಾನೇ ಮಾಡಿಕೊಳ್ಳುತ್ತೇನೆ ಎಂದು ನಿಶ್ಚಯಿಸಿದ್ದು ಆವತ್ತೇ.

ಮಿಕ್ಸಿ

ಕೆಲಸವೇನೂ ಕಷ್ಟದ್ದಲ್ಲ. ಅಕ್ಕಿ ನೆನೆಸಿ, ನೆರಳಿನಲ್ಲಿ ಒಣಗಿಸಿ, ಮಿಕ್ಸಿಯಲ್ಲಿ ನುಣ್ಣಗೆ ಬೀಸಿ, ತೆಳು ಬಟ್ಟೆಯಲ್ಲಿ ಸೋಸಬೇಕು. ಅದಕ್ಕೆ ಆರಾರೂಟ್ ಹಿಟ್ಟು, ಸ್ವಲ್ಪ ಮುಲ್ತಾನಿ ಮಿಟ್ಟಿ, ಒಣಗಿದ ಗುಲಾಬಿ ಎಸಳಿನ ಪುಡಿ. ಆಮೇಲೆ ನನ್ನ ಬಣ್ಣ ಬರುವ ತನಕ ಕೋಕೋ ಪುಡಿ. ನಾನು ಕೋಕೋ ಸುರಿಯುತ್ತಲೇ ಇದ್ದುದನ್ನು ನೋಡಿ ನಮ್ಮ ಮನೆಯವರು, "ಸಾಕಾಗ್ಲಿಲ್ಲ ಅಂದ್ರ ಇನ್ನೊಂದು ಪೊಟ್ಟಣ ತರ್ಲೇನು?" ಎಂದರು. ಅವರಿಗೆ ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವುದು ಬೇಡ.

ಮೊದಲ ಸಲ ಮಾಡಿದಾಗ ನನಗೊಂದು ಸಂಗತಿ ಗೊತ್ತಿರಲಿಲ್ಲ. ಅದೇ ಮಿಕ್ಸಿ ಜಾರಿನಲ್ಲಿ ನಮ್ಮತ್ತೆ ಮುಂಜಾನೆ ಕೆಂಪು ಖಾರ ಬೀಸಿದ್ದರು. ತೊಳೆದಿದ್ದೇನೆ ಎಂದು ಇಂದಿಗೂ ಆಣೆ ಮಾಡುತ್ತಾರೆ. ನಾನು ಎರಡೂ ಕೆನ್ನೆಗೆ ಹಚ್ಚಿಕೊಂಡೆ. ಒಂದು ನಿಮಿಷ ಏನೂ ಆಗಲಿಲ್ಲ. ಆಮೇಲೆ ಬೆಂಕಿ!

ನಲ್ಲಿಯ ಕೆಳಗೆ ತಲೆ ಹಿಡಿದೆ, ಮೊಸರು ಬಳಿದೆ, ಬಾಯಿಗೆ ಬಂದಂತೆ ಎಲ್ಲರನ್ನೂ ಬೈದೆ. ಗದ್ದಲ ಕೇಳಿ ಪಕ್ಕದ ಮನೆಯ ಹೆಂಗಸು ಓಡಿ ಬಂದಳು. ನಮ್ಮ ಕಡೆ ಬಿಳಿ ಇದ್ದವರನ್ನು "ಕೆಂಪಗದಾರ" ಎನ್ನುವುದು ರೂಢಿ. ಅವಳು ನನ್ನ ಉರಿಯುವ ಮುಖವನ್ನು ಕಣ್ಣರಳಿಸಿ ನೋಡಿ, "ಅಯ್ಯ ಟೀಚರ್, ಏನ್ ಕೆಂಪಗಾಗೀರಿ! ಏನ್ ಹಚ್ಚೀರಿ?" ಎಂದಳು.

"ಖಾರ!" ಎಂದು ಕಿರಿಚಿದೆ.

ಅವಳು ಒಂದಿಷ್ಟೂ ಅಳುಕಲಿಲ್ಲ. "ಬ್ಯಾಡಗಿದೋ, ಗುಂಟೂರದೋ?"

ಬಾಳೆಹಣ್ಣು

ಕಮಲಾಪುರದ ಕೆಂಪು ಬಾಳೆಹಣ್ಣು ನಿಮಗೆ ಗೊತ್ತಿರಬಹುದು. ನಮ್ಮ ಸ್ಟಾಫ್ ರೂಮಿನಲ್ಲಿ ವಿಜ್ಞಾನ ಕಲಿಸುವ ಸಾಹೇಬರೊಬ್ಬರಿದ್ದಾರೆ. ನಾನು ಪೌಡರ್ ಮಾಡುವ ಸುದ್ದಿ ಕೇಳಿ ಅವರಿಗೆ ನಿದ್ದೆ ಹತ್ತಲಿಲ್ಲವಂತೆ.

"ಮೇಡಂ, ಅದೆಲ್ಲಾ ಬಿಡ್ರಿ. ನಮ್ಮೂರ ಕೆಂಪು ಬಾಳಿಹಣ್ಣಿನ ಸಿಪ್ಪಿ ದಿನಾ ಮುಖಕ್ಕ ತಿಕ್ಕೋರಿ. ಒಂದೇ ತಿಂಗಳದಾಗ ಕೆಂಪಗಾಗ್ತೀರಿ."

ವಿಜ್ಞಾನದ ಮೇಷ್ಟ್ರು! ಮಕ್ಕಳಿಗೆ ಪಾಠ ಹೇಳುವವರು! ನನಗೆ ರಕ್ತ ನೆತ್ತಿಗೇರಿತು.

"ಸರ್, ಸಿಪ್ಪಿ ದಿನಾ ತಿಂದು, ಸಿಪ್ಪಿ ಮ್ಯಾಲೇ ಮಲಗೋ ಎಮ್ಮಿ ನಿಮ್ಮ ಮನಿ ಮುಂದ ಅದ. ಅದು ಕೆಂಪಗಾದ ದಿನಾ ನನಗ ಫೋನ್ ಮಾಡ್ರಿ."

ಮಹಾಗಾಂವ ಕ್ರಾಸ್

ಅಷ್ಟರಲ್ಲಿ ನನ್ನ ಪೌಡರ್ ಹದಕ್ಕೆ ಬಂದಿತ್ತು. ಮುಖಕ್ಕೆ ಹಚ್ಚಿದರೆ ಹಚ್ಚಿದ್ದೇ ಗೊತ್ತಾಗದು, ಜಿಡ್ಡು ಮಾತ್ರ ಮಾಯ. ಶಾಲೆಯ ಕನ್ನಡ ಟೀಚರ್ ತನಗೂ ಬೇಕೆಂದಳು. ಒಂದು ಡಬ್ಬಿ ತುಂಬಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಮಹಾಗಾಂವ ಕ್ರಾಸಿನಲ್ಲಿ ಕುರಿಗಳು ಅಡ್ಡ ಬಂದವು. ಡ್ರೈವರ್ ಬ್ರೇಕ್ ಒತ್ತಿದ. ಮುಚ್ಚಳ ಒಂದು ಕಡೆ, ಪೌಡರ್ ಎಲ್ಲ ಕಡೆ. ಪಕ್ಕದ ಮುದುಕಿಯ ಸೆರಗು, ಮುಂದಿನ ಸೀಟಿನವರ ಟೊಪ್ಪಿಗೆ, ಕಂಡಕ್ಟರನ ಮೀಸೆ, ಯಾವುದೂ ಉಳಿಯಲಿಲ್ಲ.

ನಾನು ಡ್ರೈವರನ ಮೇಲೆ ಹರಿಹಾಯುತ್ತಿದ್ದೆ. ಮುದುಕಿ ಮಾತ್ರ ಸೆರಗಿನ ಮೇಲೆ ಬಿದ್ದದ್ದನ್ನು ಭಕ್ತಿಯಿಂದ ಒಟ್ಟುಗೂಡಿಸಿ, ಹಣೆಗೆ ಹಚ್ಚಿ, ಉಳಿದದ್ದನ್ನು ಬಾಯಿಗೆ ಹಾಕಿಕೊಂಡಳು. "ಯಾವ ದೇವರ ಅಂಗಾರ ಯವ್ವಾ?"

"ಅಂಗಾರ ಅಲ್ಲ ಆಯಿ, ಅದು..."

ನನ್ನ ಮಾತು ಯಾರಿಗೆ ಬೇಕು? "ಅಂಗಾರ", ಅಂದರೆ ದೇವರ ಬೂದಿ, ಎಂಬುದೊಂದೇ ಕೇಳಿಸಿದ್ದು. ಹಿಂದಿನ ಸೀಟಿನಿಂದ ಕೈಗಳು ಚಾಚಿಕೊಂಡವು. "ನಮಗೂ ಜರಾ ಕೊಡ್ರಿ." "ಕೂಸಿಗಿ ದೃಷ್ಟಿ ಆಗ್ಯಾದ, ಈಟು ಹಚ್ಚತೀನಿ." ನೋಡನೋಡುತ್ತಿದ್ದಂತೆ ಅರ್ಧ ಬಸ್ಸಿನ ಹಣೆಯ ಮೇಲೆ ನನ್ನ ಬಣ್ಣ. ಸೀಟಿನ ಮೇಲೆ ನಿಂತುಕೊಳ್ಳುವುದೊಂದು ಬಾಕಿ, ಅಷ್ಟು ಜೋರಾಗಿ ಕೂಗಿದೆ: "ಅದು ಮುಖಕ್ಕ ಹಚ್ಚೋ ಪೌಡರ್! ಮನಿಯಾಗ ಮಾಡಿದ್ದು!"

ಮುದುಕಿ ನಾಲಿಗೆ ಚಪ್ಪರಿಸಿ, "ಅದಕ್ಕ ಕಹಿ ಅದ" ಎಂದಳು. ಕಂಡಕ್ಟರ್ ಮೀಸೆ ಒರೆಸಿಕೊಳ್ಳುತ್ತ ಹತ್ತಿರ ಬಂದು ಮೆಲ್ಲಗೆ ಹೇಳಿದ: "ಟೀಚರ್, ಪೌಡರ್ ಆಗ್ಲಿ ಅಂಗಾರ ಆಗ್ಲಿ, ನಾಳಿ ಮತ್ತ ತರ್ರಿ. ಇವತ್ತು ಒಬ್ಬರೂ ಸೀಟಿಗಿ ಜಗಳಾ ಮಾಡಿಲ್ಲ."

ಕೋಟನೂರಿಗೆ ಬಂದ ವರ

ಈಗ ಹೇಳುವುದಕ್ಕೆ ನಗಬೇಕೋ ಸಿಟ್ಟಾಗಬೇಕೋ ನನಗಿನ್ನೂ ತಿಳಿದಿಲ್ಲ. ಆವತ್ತು ಸಿಟ್ಟಾಗಿದ್ದೆ.

ಕೋಟನೂರಿನಲ್ಲಿರುವ ನನ್ನ ತಂಗಿಯ ಮಗಳು ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವ ಕೆಲಸದಲ್ಲಿದ್ದಾಳೆ. ಜಾಣೆ, ಮಾತಿನಲ್ಲಿ ಚೂಪು, ಬಣ್ಣದಲ್ಲಿ ನನ್ನ ಹಾಗೆ. ಮೂರು ಸಂಬಂಧಗಳು ಅದೊಂದೇ ಕಾರಣಕ್ಕೆ ತಪ್ಪಿದ್ದವು. ಹುಡುಗಿ ಹೊರಗೆ ನಗುತ್ತಿದ್ದಳು. ಒಳಗೆ ಬಾಗಿಲು ಹಾಕಿಕೊಂಡು ಕೂತದ್ದನ್ನು ನಾನು ನೋಡಿದ್ದೆ.

ನಾಲ್ಕನೆಯವರು ಬರುವ ದಿನ, ಮೇ ತಿಂಗಳ ಮಧ್ಯಾಹ್ನ. ನಾನು ಹೋಗುವಷ್ಟರಲ್ಲಿ ತಂಗಿ, ಮಗಳ ಮುಖಕ್ಕೆ ಗೋಡೆಗೆ ಸುಣ್ಣ ಬಳಿದಂತೆ ಬಿಳಿ ಪೌಡರ್ ಬಳಿದಿದ್ದಳು.

"ಏನ್ ಮಾಡಾಕತ್ತೀಯ?" ಎಂದು ಕೂಗಿದೆ.

"ಅಕ್ಕಾ, ಇದೊಂದ ಸಲ ಸುಮ್ನಿರು. ನಿನಗ ಕೈ ಮುಗೀತೀನಿ," ಎಂದು ತಂಗಿ ಅಳುವಂತಾದಳು.

ಹುಡುಗಿ ನಮ್ಮಿಬ್ಬರನ್ನೂ ನೋಡಿದಳು. ಎದ್ದು ಹೋಗಿ ಮುಖ ತೊಳೆದುಕೊಂಡು ಬಂದು, "ದೊಡ್ಡವ್ವಾ, ನಿನ್ನ ಡಬ್ಬಿ ಕೊಡು" ಎಂದಳು.

ಹುಡುಗ, ಅವನ ತಾಯಿ, ಸೋದರಮಾವ ಬಂದರು. ಹುಡುಗ ಬೆಳ್ಳಗೆ, ಬಟ್ಟೆ ಅಂಗಡಿಯ ಗೊಂಬೆಯಂತೆ ಅಲುಗಾಡದೆ ಕೂತ. ತಾಯಿ ನಮ್ಮ ಹುಡುಗಿಯನ್ನು ಅಡಿಯಿಂದ ಮುಡಿಯ ತನಕ ನೋಡಿದಳು.

"ಲಕ್ಷಣ ಅದಾಳ್ರಿ. ಬಣ್ಣ ಒಂದ ಜರಾ ಕಮ್ಮಿ. ನಮ್ಮ ಹುಡುಗ ನೋಡ್ರಿ, ನಮ್ಮ ಮನಿತನದಾಗ ಎಲ್ಲಾರೂ ಹಿಂಗೇ."

ನನ್ನ ಬಾಯಿ ತೆರೆಯಿತು. ತಂಗಿ ನನ್ನ ತೊಡೆ ಚಿವುಟಿದಳು. ಅಷ್ಟರಲ್ಲಿ ಕರೆಂಟ್ ಹೋಯಿತು.

ಮೇ ತಿಂಗಳಲ್ಲಿ ನಮ್ಮ ಕಲಬುರಗಿಯಲ್ಲಿ ಫ್ಯಾನ್ ನಿಂತರೆ ಏನಾಗುತ್ತದೆ ಎಂದು ಬಿಸಿಲು ಕಂಡವರಿಗೆ ಗೊತ್ತು. ಹುಡುಗನ ಹಣೆಯ ಮೇಲೆ ಒಂದು ಹನಿ ಮೂಡಿತು. ಅದು ಕೆಳಗಿಳಿಯಿತು. ಅದು ಇಳಿದ ದಾರಿಯುದ್ದಕ್ಕೂ ಕಪ್ಪು ಗೆರೆ. ಅದರ ಹಿಂದೆ ಇನ್ನೊಂದು. ಹುಡುಗ ಕರ್ಚೀಫಿನಿಂದ ಒರೆಸಿದ. ಒಂದು ಕೆನ್ನೆ ಬೆಳ್ಳಗೆ ಉಳಿಯಿತು, ಇನ್ನೊಂದು ನಮ್ಮ ಕಡೆಯವರದ್ದೇ ಆಯಿತು. ಅಂಗಿಯ ಕಾಲರಿನ ಮೇಲೆ ಬಿಳಿ ರಾಡಿ.

ಸೋದರಮಾವ ಸೂರು ನೋಡುತ್ತ ಕೂತ. ತಾಯಿ ಸೆರಗಿನಿಂದ ಗಾಳಿ ಹಾಕತೊಡಗಿದಳು, ತನಗಲ್ಲ, ಮಗನ ಮುಖಕ್ಕೆ. ನಮ್ಮ ಹುಡುಗಿ ಎದ್ದು ಟವೆಲ್ ತಂದು ಕೊಟ್ಟಳು. "ಹಿಂದ ನಲ್ಲಿ ಅದರಿ. ಮುಖಾ ತೊಳ್ಕೋರಿ, ತಂಪಾಗ್ತದ."

ತೊಳೆದುಕೊಂಡು ಬಂದವನು ನಿಜಕ್ಕೂ ಚೆನ್ನಾಗಿದ್ದ, ನಮ್ಮ ಹುಡುಗಿಗಿಂತ ಒಂದು ಕೈ ಹೆಚ್ಚೇ ಕಪ್ಪಗಿದ್ದ. ನೆಲ ನೋಡುತ್ತ, "ನಾ ಬ್ಯಾಡ ಅಂದಿದ್ದೆ, ಅವ್ವ ಹಚ್ಚಿದ್ಲು" ಎಂದ. ಮೂವರೂ ಮಂಡಕ್ಕಿಯ ಸುಸಲಾ ತಿಂದು, ಚಹಾ ಕುಡಿದು ಹೋದರು.

ಮರುದಿನ ನಾನಿನ್ನೂ ತಂಗಿಯ ಮನೆಯಲ್ಲೇ ಇದ್ದೆ. ಹುಡುಗನ ತಾಯಿಯ ಫೋನ್ ಬಂತು. "ನಮಗ ಒಪ್ಪಿಗಿ ಅದರಿ. ಬಣ್ಣದಾಗ ಏನದ, ಗುಣ ಮುಖ್ಯ."

ತಂಗಿ ಹಿಗ್ಗಿ ಹ್ಞೂಂ ಅನ್ನುವಷ್ಟರಲ್ಲಿ ಮಗಳು ಫೋನ್ ಕಸಿದುಕೊಂಡಳು. ಈಗ ಬೈಯುತ್ತಾಳೆ ಎಂದು ನಾನು ಕಿವಿ ನಿಮಿರಿಸಿ ಕೂತೆ. ಅವಳು ಬಹಳ ಮರ್ಯಾದೆಯಿಂದ, ಎಕ್ಸ್‌ರೇಗೆ ಬಂದವರಿಗೆ ಉಸಿರು ಹಿಡಿಯಿರಿ ಎಂದು ಹೇಳುವ ದನಿಯಲ್ಲಿ ಹೇಳಿದಳು:

"ನನಗೂ ಮನಸ್ಸದರಿ ಅತ್ತಿಯವರ. ಆದ್ರ ಒಂದ ತಿಳೀವಲ್ದು. ಬಂದ ಹುಡುಗ ಬೆಳ್ಳಗಿದ್ರು, ಹೋದ ಹುಡುಗ ಕಪ್ಪಗಿದ್ರು. ಇಬ್ಬರೊಳಗ ಯಾರಿಗಿ ಹ್ಞೂಂ ಅನ್ಲಿ?"