ಬಾವನ ಬರಿಗಾಲು, ನಮ್ಮ ಹಿತ್ತಾಳೆ ಪಾತ್ರೆ

ನಮ್ಮ ಬಾವನಿಗೆ ಸಂಬಳ ಕೊಡುವುದೇ ಗುಂಡಿ ತೋಡಿಸಿ ಮುಚ್ಚಿಸುವುದಕ್ಕೆ! ಹೊಲದಲ್ಲಿ ಮನೆಗಳನ್ನು ಕಟ್ಟುವ ಮೊದಲು ಅಲ್ಲಲ್ಲಿ ಉದ್ದುದ್ದ ಗುಂಡಿ ತೆಗೆಸಿ, ಹಿಂದಿನ ಕಾಲದವರ ಕುರುಹು ಏನಾದರೂ ಇದೆಯೇ ಎಂದು ನೋಡುವ ಪುರಾತತ್ವದ ಕೆಲಸ. "ಏನ್ ಸಿಕ್ತು ಸಾರ್, ಚಿನ್ನಾನಾ?" ಎಂದು ಕೇಳಿದವರಿಗೆಲ್ಲ "ಮಣ್ಣು ಸಿಕ್ತು" ಎನ್ನುತ್ತಾರೆ. ಅಕ್ಕ ಇವರ ಜೊತೆ ಹೇಗೆ ಏಗುತ್ತಾಳೋ!

ಗುಂಡಿಗೆ ಇಳಿಯುವ ಮೊದಲು ಬೂಟು ಬಿಚ್ಚುವುದು ಅವರ ಚಾಳಿ. ಮೇಲೆ ಹೆಲ್ಮೆಟ್ಟು, ಹಳದಿ ಕೋಟು, ಕೆಳಗೆ ಬರಿಗಾಲು! ಸೇಫ್ಟಿ ನೋಡಿಕೊಳ್ಳುವಾಕೆ ಎರಡು ಸಲ ಎಚ್ಚರಿಕೆ ಬರೆದುಕೊಟ್ಟಿದ್ದಾಳೆ. ನಾನು ಕೇಳಿದ್ದಕ್ಕೆ "ಇನ್ನೊಬ್ರು ಮನೆಗೆ ಹೋದಾಗ ಬಿಚ್ಚಕಿಲ್ವೇನ್ಲಾ?" ಎಂದರು. ಗುಂಡಿ ಯಾರ ಮನೆ, ಹೇಳಿ!

ಈ ಸಲ ಅವರು ತೋಡಿಸುತ್ತಿದ್ದದ್ದು ನಾವೆಲ್ಲ ಬಂದು ನೆಲೆಸಿರುವ ಪರದೇಶದ ಊರು ಸ್ಯಾನ್ ರಮೋನಿನ ಅಂಚಿನ ಹೊಲ. ಅಲ್ಲಿ ಬರುವ ಮನೆಗಳಿಗೆ ನಾವೂ ಹೆಸರು ಬರೆಸಿದ್ದೆವು. ಹನ್ನೊಂದು ವರ್ಷ ಅಪಾರ್ಟ್‌ಮೆಂಟಿನಲ್ಲಿ ಕಳೆದ ನನ್ನ ಹೆಂಡತಿ, ಗೃಹಪ್ರವೇಶಕ್ಕೆ ಹಾಲುಕ್ಕಿಸಲು ಹಿತ್ತಾಳೆ ಪಾತ್ರೆಯನ್ನೂ ತಂದಿಟ್ಟಿದ್ದಳು. ನಾನು ದಿನವೂ ಫೋನಿನಲ್ಲಿ, "ಬಾವ, ಏನೂ ಸಿಕ್ಕಿಲ್ಲ ತಾನೇ?" ಏನೂ ಸಿಗದಿರಲಿ ಎಂದು ದೇವರಿಗೆ ಹರಕೆ ಹೊತ್ತವನು ನಾನೊಬ್ಬನೇ ಇರಬೇಕು!

ಕೊನೆಯ ಗುಂಡಿಯಲ್ಲಿ ಸಿಕ್ಕಿತು. ಬೆರಳುದ್ದದ ಮೂಳೆ. ಯಂತ್ರ ಓಡಿಸುವವನೂ ನೋಡಿರಲಿಲ್ಲವಂತೆ. ಬಾವ ಕೈಯೆತ್ತಿದರು, ಕೆಲಸ ನಿಂತಿತು. ಮನೆಗಳ ಮಾತೂ ನಿಂತಿತು.

ನನಗೆ ಪಿತ್ತ ನೆತ್ತಿಗೇರಿತು. ಕಾರು ಹತ್ತಿ ಹೋಗಿ ಬೇಲಿಯ ಹೊರಗಿನಿಂದಲೇ ಕೂಗಿದೆ. "ಯಾರೂ ನೋಡಿರ್ಲಿಲ್ವಲ್ಲ ಬಾವ! ಸುಮ್ನಿರಕ್ಕೆ ಆಗ್ತಿರ್ಲಿಲ್ವಾ?"

ಬಾವ ಬರಿಗಾಲಲ್ಲೇ ಬೇಲಿಯ ಹತ್ತಿರ ಬಂದರು. "ಮಗೀದು ಕಣ್ಲಾ" ಎಂದರು.

ಅಕ್ಕ-ಬಾವನ ಮೊದಲ ಮಗು ಇದೇ ಊರಿನಲ್ಲಿ ಒಂಬತ್ತು ದಿನ ಬದುಕಿತ್ತು. ಮಂಡ್ಯದ ಕಡೆಯವರಾದ ನಾವು ಅದನ್ನು ಮಣ್ಣು ಮಾಡಿ, ಮೂರನೇ ದಿನ ಹಾಲು-ತುಪ್ಪ ಬಿಟ್ಟು ಬಂದಿದ್ದೆವು. ಅದರ ಮೇಲೆ ಯಾರಾದರೂ ಮನೆ ಕಟ್ಟಿ ಹಾಲುಕ್ಕಿಸಿದ್ದರೆ? ನನಗೆ ತುಂಬಾ ನಾಚಿಕೆಯಾಯಿತು.

ಆ ನೆಲದ ಮೂಲ ಜನರ ಹಿರಿಯರು ಬಂದು, ತಮ್ಮ ಕೂಸನ್ನು ತಮ್ಮ ಪದ್ಧತಿಯಂತೆ ಅಲ್ಲೇ ಮತ್ತೆ ಮಲಗಿಸಿದರು. ಅದಾದ ಮೂರನೇ ದಿನ ಹೆಂಡತಿ ಯಾರನ್ನೂ ಕೇಳದೆ ಆ ಹಿತ್ತಾಳೆ ಪಾತ್ರೆಯಲ್ಲಿ ಹಾಲು ತುಂಬಿ ತಂದಳು. ಅಕ್ಕ-ಬಾವನೂ ಜೊತೆಗೆ ಬಂದಿದ್ದರು. ಬೇಲಿಯ ಈಚೆಗೇ ನಿಂತು, ಹುಲ್ಲಿನ ಬುಡಕ್ಕೆ ಬಿಟ್ಟೆವು. ಅಕ್ಕ ಅತ್ತಳು.

ಬಾವ ಎಂದಿನಂತೆ ಬೂಟು ಬಿಚ್ಚಿದ್ದರು. ನಾನೂ ಬಿಚ್ಚಿದೆ.